ಪಾಪದ ಮೀನು ಎಷ್ಟು ಪಾಪ?

ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ನನ್ನ ಟ್ಯಾಂಕಿನ 12 ಪುಟ್ಟ ಟೆಟ್ರಾ ಮೀನುಗಳೂ ಒಂದೇ ಮೂಲೆಯಲ್ಲಿದ್ದವು. ಫಿಲ್ಟರ್ ಪೈಪಿನ ಹಿಂದೆ, ಸಿಟಿ ಬಸ್ಸಿನ ಬಾಗಿಲಲ್ಲಿ ನೇತಾಡುವವರ ಹಾಗೆ ಒತ್ತಿಕೊಂಡು ನಿಂತಿದ್ದವು. ಉಳಿದ ಟ್ಯಾಂಕೆಲ್ಲ ಖಾಲಿ. ನಡುವೆ ಕ್ರಿಬ್ ಎಂಬ ಸಿಕ್ಲಿಡ್ ಮೀನಿನ ಒಂದು ಜೋಡಿ ಮಾತ್ರ ಗಸ್ತು ತಿರುಗುತ್ತಿತ್ತು. ಮೂರು ವಾರದ ಹಿಂದೆ ತಂದ ಮೀನು. ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಹಾಕುತ್ತ ಅಂಗಡಿಯವರು "ಭಾರೀ ಪಾಪದ ಮೀನು ಮಾರಾಯ್ರೆ, ಯಾರ ತಂಟೆಗೂ ಹೋಗುವುದಿಲ್ಲ" ಅಂದಿದ್ದರು.

ಅವರು ಸುಳ್ಳು ಹೇಳಿರಲಿಲ್ಲ. ಮೂರು ವಾರ ಅವು ನಿಜಕ್ಕೂ ಪಾಪವೇ ಆಗಿದ್ದವು. ಆಮೇಲೆ ಮೊಟ್ಟೆ ಇಟ್ಟವು, ಅಷ್ಟೇ.

ಅಮ್ಮ ಕಾಫಿ ಲೋಟ ಹಿಡಿದುಕೊಂಡು ಬಂದು ಸ್ವಲ್ಪ ಹೊತ್ತು ನೋಡಿದರು. "ಬಾಣಂತಿ ಕೋಣೆ ಎದುರು ಇಷ್ಟು ಜನ ಓಡಾಡಿದ್ರೆ ಅದು ಸುಮ್ನೆ ಬಿಡ್ತದಾ?" ಅಂದು ಒಳಗೆ ಹೋದರು. ಸಿಕ್ಲಿಡ್ ಆರಿಸುವ ವಿದ್ಯೆಯ ಮುಕ್ಕಾಲು ಭಾಗ ಆ ಒಂದು ಮಾತಿನಲ್ಲಿದೆ. ನನಗೆ ಅದು ಆಗ ಗೊತ್ತಾಗಲಿಲ್ಲ.

ಮೀನು ಸಾಕುವವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಗಿಡ ಹಾಕಿದ ಟ್ಯಾಂಕ್ ಇದೆ, ಅದರಲ್ಲಿ ಟೆಟ್ರಾ, ರಾಸ್ಬೋರಾ ಥರದ ಸಣ್ಣ ಮೀನುಗಳಿವೆ. ಒಳ್ಳೆಯ ಬಣ್ಣದ, ಜಗಳ ಮಾಡದ ಒಂದು ಸಿಕ್ಲಿಡ್ ಬೇಕು. ಯಾವುದು ತರಲಿ? ಒಂದು ಹೆಸರು ಹೇಳಿ ಮುಗಿಸಬಹುದು. ನಾನೂ ಹೇಳುತ್ತೇನೆ. ಆದರೆ ಬರೀ ಹೆಸರು ಹಿಡಿದುಕೊಂಡು ಅಂಗಡಿಗೆ ಹೋದರೆ ನನ್ನ ಟೆಟ್ರಾಗಳ ಪಾಡು ನಿಮ್ಮವಕ್ಕೂ ಬರುತ್ತದೆ.

ಸಿಕ್ಲಿಡ್ ಎಂಬ ಹೆಸರು ಹೊಸದಾಗಿ ಕೇಳಿಸಿದರೂ ಮೀನು ನಮಗೆ ಹೊಸದಲ್ಲ. ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿ ಕೊಡುವ ಕರಿಮೀನ್ ಒಂದು ಸಿಕ್ಲಿಡ್. ಕೆರೆಯ ತಿಲಾಪಿಯಾ ಇನ್ನೊಂದು. ಅಂಗಡಿಯಲ್ಲಿ ಹಣೆ ಉಬ್ಬಿಸಿಕೊಂಡು ನಿಂತಿರುವ ಫ್ಲವರ್‌ಹಾರ್ನ್, ಯಜಮಾನನ ಕೈಯಿಂದಲೇ ತಿನ್ನುವ ಆಸ್ಕರ್, ತೆಳ್ಳಗೆ ತೇಲುವ ಏಂಜೆಲ್, ಎಲ್ಲ ಇದೇ ಬಳಗ. ಹೆಸರಿಟ್ಟು ಗುರುತಿಸಿದ ಜಾತಿಗಳೇ 1,700ಕ್ಕೂ ಜಾಸ್ತಿ. ಬಹುಪಾಲು ಆಫ್ರಿಕಾ ಮತ್ತು ದಕ್ಷಿಣ, ಮಧ್ಯ ಅಮೆರಿಕದವು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಆ ಮೂರರಲ್ಲಿ ಒಂದು ನಮ್ಮ ಜಿಲ್ಲೆಯ ಹೆಸರನ್ನೇ ಇಟ್ಟುಕೊಂಡಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ದೊಡ್ಡ ಬಳಗವನ್ನು ಒಟ್ಟಿಗೆ ಕಟ್ಟಿರುವ ಗುಣ ಒಂದಿದೆ. ಇವು ಮಕ್ಕಳನ್ನು ಸಾಕುತ್ತವೆ. ಬಂಗುಡೆ, ಬೂತಾಯಿಗಳನ್ನು ನೋಡಿ. ಸಾವಿರ ಸಾವಿರ ಮೊಟ್ಟೆಗಳನ್ನು ತೆರೆದ ಕಡಲಿಗೆ ಬಿಟ್ಟು ಮುಂದೆ ಹೋಗಿಬಿಡುತ್ತವೆ. ಬದುಕಿದ್ದು ಬದುಕಲಿ ಎಂಬ ಲೆಕ್ಕ. ಸಣ್ಣ ಸಿಕ್ಲಿಡ್‌ಗಳು ಇಡುವುದು ಒಂದಿಷ್ಟು ಡಜನ್, ಹೆಚ್ಚೆಂದರೆ ಕೆಲವು ನೂರು ಮೊಟ್ಟೆ. ಕಡಿಮೆ ಇರುವುದರಿಂದ ಒಂದೊಂದಕ್ಕೂ ಬೆಲೆ ಇದೆ. ಕಾಯಬೇಕು, ರೆಕ್ಕೆ ಬೀಸಿ ಗಾಳಿ ಹಾಕಬೇಕು, ಕೆಟ್ಟದ್ದನ್ನು ಆರಿಸಿ ತೆಗೆಯಬೇಕು. ಮರಿ ಈಜಲು ಕಲಿತ ಮೇಲೂ ವಾರಗಟ್ಟಲೆ ಮೇಯಿಸಿಕೊಂಡು ತಿರುಗಬೇಕು. ಅದಕ್ಕೆ ಒಂದು ಜಾಗ ಬೇಕು. ಜಾಗ ಅಂದ ಮೇಲೆ ಗಡಿ, ಗಡಿ ಅಂದ ಮೇಲೆ ತಕರಾರು. ಊರಲ್ಲಿ ಬೇಲಿ ವ್ಯಾಜ್ಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣದ ಬೇರು ಕೂಡ ಅಲ್ಲೇ ಇದೆ. ಸಂಗಾತಿಯನ್ನು ಕರೆಯಲು, ಎದುರಾಳಿಯನ್ನು ಹೆದರಿಸಲು, ಮರಿಗಳಿಗೆ "ಇಲ್ಲಿದ್ದೇನೆ" ಎಂದು ತಿಳಿಸಲು ಇವು ಮೈಯ ಬಣ್ಣವನ್ನೇ ಬಳಸುತ್ತವೆ. ಹಾಗಾಗಿ ಬಣ್ಣ ಬೇಕು, ಜಗಳ ಬೇಡ ಎಂದು ಕೇಳುವುದರಲ್ಲೇ ಸ್ವಲ್ಪ ತೊಡಕಿದೆ. ಮೀನು ಅತ್ಯಂತ ಚೆಂದ ಕಾಣುವ ವಾರವೂ ಅತಿ ಹೆಚ್ಚು ಸಿಟ್ಟಾಗಿರುವ ವಾರವೂ ಒಂದೇ.

ಆದ್ದರಿಂದ "ಈ ಮೀನು ಜಗಳ ಮಾಡುತ್ತದಾ?" ಎಂದು ಕೇಳಿ ಪ್ರಯೋಜನವಿಲ್ಲ. ಮರಿ ಇದ್ದಾಗ ಎಲ್ಲವೂ ಮಾಡುತ್ತವೆ. ಎಷ್ಟು ಜಾಗಕ್ಕಾಗಿ ಮಾಡುತ್ತದೆ ಎಂದು ಕೇಳಬೇಕು. ನಾನು ಇದನ್ನು ಗೇಣಿನಲ್ಲಿ ಅಳೆಯುತ್ತೇನೆ. ಒಂದು ಗೇಣು ಅಂದರೆ ಹತ್ತಿರ ಹತ್ತಿರ 22 ಸೆಂಟಿಮೀಟರ್. ಕಾಕಟೂ, ರ‍್ಯಾಮ್ ಎಂಬ ಎರಡು ಸಣ್ಣ ಸಿಕ್ಲಿಡ್‌ಗಳಿವೆ, ಅವುಗಳ ವಿಷಯ ಮುಂದೆ ಬರುತ್ತದೆ. ಮೊಟ್ಟೆ ಇಟ್ಟ ಕಾಕಟೂ ಹೆಣ್ಣು ಕಾಯುವುದು ತನ್ನ ಗೂಡಿನ ಸುತ್ತ ಒಂದು ಗೇಣು. ರ‍್ಯಾಮ್ ಜೋಡಿಗೆ ಒಂದೂವರೆ ಗೇಣು. ಕ್ರಿಬ್ ಜೋಡಿಗೆ ಒಂದು ಮೊಳವಾದರೂ ಬೇಕು, ಅಂದರೆ ಎರಡು ಗೇಣು. ಇವು ನನ್ನ ಕಣ್ಣಳತೆ. ಮೀನಿಂದ ಮೀನಿಗೆ ಹೆಚ್ಚು ಕಡಿಮೆ ಆಗುತ್ತದೆ. ಆದರೂ ಲೆಕ್ಕ ಹಾಕಲು ಸಾಕು. ಎರಡು ಅಡಿ ಟ್ಯಾಂಕಿನ ಉದ್ದ 60 ಸೆಂಟಿಮೀಟರ್, ಮೂರು ಗೇಣು ಕೂಡ ಇಲ್ಲ. ಅದರಲ್ಲಿ ಎರಡನ್ನು ಕ್ರಿಬ್ ಬರೆಸಿಕೊಂಡರೆ 12 ಟೆಟ್ರಾಗಳಿಗೆ ಉಳಿಯುವುದು ಫಿಲ್ಟರ್ ಪೈಪಿನ ಹಿಂದಿನ ಮೂಲೆ ಮಾತ್ರ.

ಈ ಅಳತೆಯಲ್ಲಿ ಕೆಲವು ಮೀನುಗಳು ಮೊದಲೇ ಹೊರಗೆ ಹೋಗುತ್ತವೆ. ಫ್ಲವರ್‌ಹಾರ್ನ್, ಆಸ್ಕರ್‌ಗಳಿಗೆ ಟ್ಯಾಂಕಿನ ಅಷ್ಟೂ ಗೇಣು ಬೇಕು. ಗಿಡವನ್ನಂತೂ ಕಿತ್ತೇ ಹಾಕುತ್ತವೆ. ಎಲೆಕ್ಟ್ರಿಕ್ ಯೆಲ್ಲೋ ಎಂದು ಮಾರುವ ಹಳದಿ ಮೀನು ಕಣ್ಣಿಗೆ ಹಬ್ಬ, ಸ್ವಭಾವವೂ ಅದರ ಊರಿನ ಬೇರೆ ಮೀನುಗಳಿಗೆ ಹೋಲಿಸಿದರೆ ತಣ್ಣಗೆ. ಆದರೆ ಅದರ ಊರು ಆಫ್ರಿಕಾದ ಮಲಾವಿ ಸರೋವರ. ಅಲ್ಲಿಯ ನೀರು ಗಡಸು, ಆಮ್ಲ ಕ್ಷಾರ ಅಳೆಯುವ ಪಿಎಚ್ 8ರ ಆಸುಪಾಸು. ನಮ್ಮದು ನೇರ ಉಲ್ಟಾ.

ನಮ್ಮ ನೀರಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬೇರೆ ಊರಿನವರಿಗೆ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದ ಒಂದು ಅನುಕೂಲ ಇಲ್ಲಿ ನಮಗೆ ಬಾವಿಯಲ್ಲೇ ಇದೆ. ಮಂಗಳೂರು, ಉಡುಪಿಯ ನೆಲ ಕೆಂಪು ಕಲ್ಲಿನದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಇಂಥ ಮಳೆ ಲಕ್ಷಾಂತರ ವರ್ಷ ಸುರಿದು ಸುರಿದು ಕಲ್ಲಿನೊಳಗಿನ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಕಲ್ಲಿನ ಕೆಂಪು ಬಣ್ಣ ಆ ಕಬ್ಬಿಣದ್ದು. ಸುಣ್ಣವಿಲ್ಲದ ನೆಲದಲ್ಲಿ ಇಳಿದ ನೀರು ಮೆದು ಇರುತ್ತದೆ, ಸ್ವಲ್ಪ ಆಮ್ಲೀಯವೂ ಆಗಿರುತ್ತದೆ. ನಮ್ಮ ಮನೆ ಬಾವಿಯ ಪಿಎಚ್ 6.2, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತೋರಿಸಿದ್ದು 48. ಒರಿನೊಕೊ, ಅಮೆಜಾನ್ ನದಿಗಳ ಬಯಲಲ್ಲೂ ಹೆಚ್ಚಿನ ಕಡೆ ಇದೇ ಕಥೆ. ಅಲ್ಲೂ ವಿಪರೀತ ಮಳೆ, ತೊಳೆದುಹೋದ ಹಳೇ ನೆಲ, ಮೆದು ನೀರು. ಬಯಲುಸೀಮೆಯ ಬೋರ್‌ವೆಲ್ ನೀರಿನವರು ಆರ್‌ಓ ಯಂತ್ರ ಇಟ್ಟು ಮಾಡಿಕೊಳ್ಳುವ ನೀರನ್ನು ನಾವು ಕೊಡಪಾನದಲ್ಲಿ ಸೇದುತ್ತೇವೆ.

ನಳ್ಳಿ ನೀರೂ ತೊಂದರೆಯಿಲ್ಲ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುವುದು ಹೊಳೆ ನೀರು. ಕ್ಲೋರಿನ್ ಹಾಕಿರುತ್ತಾರೆ, ಅದನ್ನು ತೆಗೆಯುವ ದ್ರಾವಣ ಹಾಕಿಯೇ ಬಳಸಬೇಕು. ಎಚ್ಚರ ಬೇಕಾದ್ದು ಕಡಲ ಹತ್ತಿರದ ಬಾವಿಯವರಿಗೆ. ಮಲ್ಪೆ, ಉಳ್ಳಾಲದಂಥ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕೆಲವು ಬಾವಿಗಳಿಗೆ ಉಪ್ಪು ಬರುತ್ತದೆ. ಜನವರಿಯ ಅಳತೆ ನಂಬಿಕೊಂಡು ಮೇ ತಿಂಗಳಲ್ಲಿ ನೀರು ಬದಲಿಸಬೇಡಿ. ಇನ್ನೂರು, ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಒಂದು ಮನೆಯಲ್ಲಿರಲಿ.

ಮೆದು ನೀರಿಗೂ ಒಂದು ದೋಷವಿದೆ. ಅದಕ್ಕೆ ತಾಳುವ ಶಕ್ತಿ ಕಡಿಮೆ. ಮೀನಿನ ಗಲೀಜು ಕೊಳೆಯುತ್ತ ಹೋದ ಹಾಗೆ ಆಮ್ಲ ಹುಟ್ಟುತ್ತದೆ. ಗಡಸು ನೀರಿನಲ್ಲಿ ಸುಣ್ಣದಂಶ ಅದನ್ನು ನುಂಗಿಕೊಳ್ಳುತ್ತದೆ. ನಮ್ಮ ನೀರಿನಲ್ಲಿ ನುಂಗುವವರಿಲ್ಲ, ಹಾಗಾಗಿ ಪಿಎಚ್ ಗೊತ್ತಾಗದ ಹಾಗೆ ಇಳಿಯುತ್ತದೆ. 6ಕ್ಕಿಂತ ಕೆಳಗೆ ಹೋದರೆ ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳ ಕೆಲಸ ಮಂದವಾಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು ಮೊದಲ ಮದ್ದು. ಅದೂ ಸಾಲದಿದ್ದರೆ ಚೆನ್ನಾಗಿ ತೊಳೆದು ಕುದಿಸಿದ ಒಂದೆರಡು ಮರುವಾಯಿ ಚಿಪ್ಪನ್ನು ಫಿಲ್ಟರಿನೊಳಗೆ ಇಡಿ. ಚಿಪ್ಪು ಅಂದರೆ ಸುಣ್ಣವೇ. ನೀರು ಹುಳಿಯಾದಷ್ಟು ಅದು ಕರಗುತ್ತದೆ, ಸರಿಯಾದ ಮೇಲೆ ಕರಗುವುದು ನಿಧಾನವಾಗುತ್ತದೆ. ಮರುವಾಯಿ ಸುಕ್ಕ ಮಾಡಿದ ದಿನ ನಾಲ್ಕು ಚಿಪ್ಪು ಎತ್ತಿಟ್ಟರೆ ವರ್ಷಕ್ಕಾಯಿತು. ಆದರೆ ಇದೇ ಕಾರಣಕ್ಕೆ ಮಲ್ಪೆಯ ಹೊಯ್ಗೆಯನ್ನು ತಂದು ಟ್ಯಾಂಕಿಗೆ ಸುರಿಯಬಾರದು. ಕಡಲ ಹೊಯ್ಗೆಯ ತುಂಬ ಚಿಪ್ಪಿನ ಪುಡಿ ಇರುತ್ತದೆ. ಎರಡು ಚಿಪ್ಪು ಮದ್ದು, ಹತ್ತು ಕಿಲೋ ಚಿಪ್ಪು ವಿಷ.

ಈಗ ಮೀನಿಗೆ ಬರೋಣ. ಬಣ್ಣ ಅಂದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ರ‍್ಯಾಮ್ ಕಡೆಗೆ. ವೆನೆಜುವೆಲಾ, ಕೊಲಂಬಿಯಾದ ಒರಿನೊಕೊ ಬಯಲಿನ ಮೀನು. ವಿಜ್ಞಾನಿಗಳು ಹೆಸರಿಟ್ಟದ್ದು 1948ರಲ್ಲಿ. ಅದನ್ನು ಹಿಡಿದು ತಂದ ಮ್ಯಾನುಯೆಲ್ ರಾಮಿರೆಜ್ ಹೆಸರು ಅದರ ವೈಜ್ಞಾನಿಕ ಹೆಸರಿನ ಬಾಲಕ್ಕೆ ಅಂಟಿಕೊಂಡಿತು. ರ‍್ಯಾಮ್ ಎಂಬುದು ಅದರ ತುಂಡು. ಐದಾರು ಸೆಂಟಿಮೀಟರ್ ಮೈಯಲ್ಲಿ ಹಳದಿ, ಕೆಂಪು ಕಣ್ಣು, ಕಣ್ಣಿನ ಮೇಲೆ ಕಪ್ಪು ಗೆರೆ, ಪಕ್ಕಕ್ಕೆಲ್ಲ ನೀಲಿ ಚುಕ್ಕಿ. ಯಕ್ಷಗಾನದ ವೇಷ ನೋಡಿ ಬೆಳೆದ ಕಣ್ಣಿಗೂ ಇದು ಸ್ವಲ್ಪ ಜಾಸ್ತಿ ಆಯಿತು ಅನಿಸಬಹುದು.

ರ‍್ಯಾಮಿಗೆ ಸೆಕೆ ಬೇಕು. 27ರಿಂದ 30 ಡಿಗ್ರಿ. ನಮ್ಮ ಮನೆಗಳಲ್ಲಿ ಫ್ಯಾನ್ ಕೆಳಗೆ ಕೂತು ನಾವು ಬೈದುಕೊಳ್ಳುವ ತಾಪಮಾನವೇ ಅದು. ನೀರೂ ನಮ್ಮದೇ ಬೇಕು. ಹಾಗಾದರೆ ಕರಾವಳಿಗೆ ಇದೇ ಸರಿ ಅಲ್ವಾ? ನಾನೂ ಹಾಗೇ ಅಂದುಕೊಂಡು ಮೂರು ಸಲ ತಂದೆ, ಎರಡು ಸಲ ಕಳೆದುಕೊಂಡೆ. ನೀರು ಸರಿಯಿದ್ದರೂ ಮೀನೇ ಗಟ್ಟಿಯಿರುವುದಿಲ್ಲ. ಮಾರುಕಟ್ಟೆಗೆ ಬರುವ ರ‍್ಯಾಮ್‌ಗಳು ತಲೆಮಾರುಗಳಿಂದ ಫಾರ್ಮಿನಲ್ಲಿ ಹುಟ್ಟಿದವು. ಗೋಲ್ಡ್, ಎಲೆಕ್ಟ್ರಿಕ್ ಬ್ಲೂ, ಗುಂಡು ಹೊಟ್ಟೆಯ ಬಲೂನ್ ಎಂದು ಬಣ್ಣ ಮತ್ತು ಆಕಾರಕ್ಕಾಗಿ ಒಳಗೊಳಗೇ ಕೂಡಿಸಿ ಬೆಳೆಸಿದವು. ಬೇಗ ಬಣ್ಣ ಬರಲೆಂದು ಹಾರ್ಮೋನ್ ಕೊಟ್ಟು ಬೆಳೆಸುವುದೂ ಇದೆ. ಉಗುರಿನಷ್ಟು ದೊಡ್ಡ ಮರಿ ದೊಡ್ಡ ಮೀನಿನಷ್ಟು ಮಿಂಚುತ್ತಿದ್ದರೆ ಅನುಮಾನ ಪಡಿ. ಆರೋಗ್ಯವಾಗಿದ್ದರೂ ಆಯಸ್ಸು ಎರಡು, ಮೂರು ವರ್ಷ. ಬಲೂನ್ ರ‍್ಯಾಮ್ ಮಾತ್ರ ದಯವಿಟ್ಟು ತರಬೇಡಿ. ಬೆನ್ನೆಲುಬು ಗಿಡ್ಡವಾದ ಮೀನು ಅದು, ನೆಟ್ಟಗೆ ಈಜಲೂ ಕಷ್ಟಪಡುತ್ತದೆ.

ಟ್ಯಾಂಕ್ ಹಾಕಿ ಮೂರು ತಿಂಗಳಾದರೂ ಕಳೆದಿದ್ದರೆ, ನೀವು ವಾರಕ್ಕೊಮ್ಮೆ ಮರೆಯದೆ ನೀರು ಬದಲಿಸುವವರಾದರೆ, ರ‍್ಯಾಮ್ ತನ್ನಿ. ಮೊದಲ ಸಿಕ್ಲಿಡ್ ಆಗಿ ಬೇಡ.

ಅದರ ಅಣ್ಣನಂಥ ಬೊಲಿವಿಯನ್ ರ‍್ಯಾಮ್ ಗಟ್ಟಿಮುಟ್ಟು. ಏಳೆಂಟು ಸೆಂಟಿಮೀಟರ್, ಬೂದು ಮೈ, ರೆಕ್ಕೆಯ ಅಂಚಿಗೆ ಕೆಂಪು. ಹೊಯ್ಗೆಯನ್ನು ಬಾಯಿಗೆ ತೆಗೆದುಕೊಂಡು ಸೋಸಿ ಕಿವಿರಿನಿಂದ ಬಿಡುತ್ತ ನಡೆಯುವುದನ್ನು ಗಂಟೆಗಟ್ಟಲೆ ನೋಡಬಹುದು. ಅಂಗಡಿಯ ಬೆಳಕಲ್ಲಿ ಮಾತ್ರ ಇದು ಸಪ್ಪೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅವರು ಇದನ್ನು ಆರಿಸುವುದಿಲ್ಲ.

ನನ್ನ ಮಟ್ಟಿಗೆ ನಮ್ಮ ಊರಿಗೆ ಸರಿಯಾದ ಮೀನು ಕಾಕಟೂ. ಅಪಿಸ್ಟೊಗ್ರಾಮಾ ಎಂಬ ಸಣ್ಣ ಸಿಕ್ಲಿಡ್‌ಗಳ ಬಳಗದ್ದು, ಮೂಲ ಪೆರು ದೇಶದ ಕಡೆಯ ಅಮೆಜಾನ್. ಗಂಡಿನ ಬೆನ್ನಿನ ರೆಕ್ಕೆಯ ಮುಂದಿನ ಕಡ್ಡಿಗಳು ಉದ್ದಕ್ಕೆ ಎದ್ದು ಕಾಕಟೂ ಗಿಳಿಯ ಜುಟ್ಟಿನ ಹಾಗೆ ಕಾಣುತ್ತವೆ. ಅದಕ್ಕೇ ಆ ಹೆಸರು. ಬಾಲದಲ್ಲಿ, ಬೆನ್ನಿನಲ್ಲಿ ಕಿತ್ತಳೆ ಕೆಂಪಿನ ಬೆಂಕಿ, ನಡುವೆ ಕಪ್ಪು ಮಚ್ಚೆ. ಗಂಡು ಎಂಟು ಸೆಂಟಿಮೀಟರ್, ಹೆಣ್ಣು ಐದು. ಇದರ ಬಳಗದ ಬೇರೆ ಕೆಲವು ಮೀನುಗಳು ನೀರಿನ ವಿಷಯದಲ್ಲಿ ಮಡಿವಂತರು. ಇದು ಹಾಗಲ್ಲ. ಬಾವಿ ನೀರೂ ಆಗುತ್ತದೆ, ನಳ್ಳಿ ನೀರೂ ಆಗುತ್ತದೆ. 24ರಿಂದ 29 ಡಿಗ್ರಿವರೆಗೆ ಸುಖವಾಗಿರುತ್ತದೆ.

ನನಗೆ ಇಷ್ಟವಾಗುವುದು ಇದರ ಸಂಸಾರದ ವ್ಯವಸ್ಥೆ. ರ‍್ಯಾಮ್ ಮತ್ತು ಕ್ರಿಬ್‌ಗಳಲ್ಲಿ ಗಂಡ ಹೆಂಡತಿ ಸೇರಿ ಗಡಿ ಕಾಯುತ್ತಾರೆ. ಇಬ್ಬರು ಕಾವಲುಗಾರರು ಇದ್ದಲ್ಲಿ ಗಡಿ ದೊಡ್ಡದಾಗುತ್ತದೆ. ಕಾಕಟೂ ಗಂಡಿಗೆ ಹೆಂಡತಿಯರು ಹಲವರು. ಒಬ್ಬೊಬ್ಬಳಿಗೂ ಒಂದೊಂದು ಗುಹೆ. ಮೊಟ್ಟೆ ಇಡುವುದು ಗುಹೆಯ ಚಾವಣಿಗೆ, ಕಾಯುವುದು ಅವಳೊಬ್ಬಳೇ. ಐದು ಸೆಂಟಿಮೀಟರ್ ಹೆಣ್ಣು ಎಷ್ಟು ದೊಡ್ಡ ರಾಜ್ಯ ಕಟ್ಟೀತು? ಒಂದು ಗೇಣು. ಅಷ್ಟರೊಳಗೆ ಬಂದರೆ ಮಾತ್ರ ಅವಳು ಯಾರನ್ನೂ ಬಿಡುವುದಿಲ್ಲ. ತನಗಿಂತ ದೊಡ್ಡ ಗಂಡನನ್ನೂ ಅಟ್ಟುತ್ತಾಳೆ. ಆಗ ಅವಳ ಮೈ ಬಣ್ಣ ನೋಡಬೇಕು. ಅದುವರೆಗೆ ಮಣ್ಣು ಬಣ್ಣದವಳು ರಾತ್ರಿ ಬೆಳಗಾಗುವುದರೊಳಗೆ ಅರಿಸಿನದಲ್ಲಿ ಮಿಂದ ಹಾಗೆ ಹಳದಿಯಾಗುತ್ತಾಳೆ, ಮೇಲೆ ಕಪ್ಪು ಗುರುತು. ಗಿಡದ ಹಸಿರಿನ ನಡುವೆ ಆ ಹಳದಿ ಗಂಡಿನ ಕೆಂಪಿಗಿಂತ ಚೆಂದ.

ಇನ್ನೊಂದು ತಮಾಷೆ. ಇವುಗಳ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದರಲ್ಲಿ ನೀರಿನ ಬಿಸಿಗೂ ಪಾಲಿದೆ. ಬಿಸಿ ಜಾಸ್ತಿಯಾದರೆ ಗಂಡು ಜಾಸ್ತಿ. ಮೇ ತಿಂಗಳಲ್ಲಿ ನಮ್ಮಲ್ಲಿ ಹುಟ್ಟಿದ ಒಂದು ತಂಡದಲ್ಲಿ ಹೆಣ್ಣು ಹುಡುಕಲು ಕಣ್ಣು ಸೋತಿತು.

ಮೂರು ಅಡಿ ಟ್ಯಾಂಕಿಗೆ ಒಂದು ಗಂಡು, ಎರಡು ಮೂರು ಹೆಣ್ಣು. ಎರಡು ಗಂಡು ಬೇಡವೇ ಬೇಡ. ಎರಡು ಅಡಿ ಟ್ಯಾಂಕ್ ಆದರೆ ನಾನು ಕೊಡುವ ಸಲಹೆ ಕೇಳಿ ಹಲವರು ನಗುತ್ತಾರೆ. ಒಂದೇ ಒಂದು ಗಂಡು ತನ್ನಿ, ಒಂಟಿಯಾಗಿ ಇಡಿ. ಹೆಣ್ಣಿಲ್ಲ, ಮೊಟ್ಟೆಯಿಲ್ಲ, ಕಾಯುವ ಗೂಡಿಲ್ಲ. ಬಣ್ಣವೆಲ್ಲ ಇದೆ, ಸಿಟ್ಟಿನ ಕಾರಣ ಮಾತ್ರ ಇಲ್ಲ. ಸಿಕ್ಲಿಡ್‌ಗಳಲ್ಲಿ ನಿಜವಾಗಿ ಪಾಪದ್ದು ಯಾವುದು ಎಂದರೆ ಬ್ರಹ್ಮಚಾರಿ. ಟೆಟ್ರಾದಂತೆ ಗುಂಪಿನಲ್ಲೇ ಇರಬೇಕಾದ ಮೀನು ಇದಲ್ಲ, ಒಂಟಿತನ ಇದಕ್ಕೆ ಶಿಕ್ಷೆಯಾಗುವುದಿಲ್ಲ. ರ‍್ಯಾಮಿಗೂ ಇದೇ ಉಪಾಯ ನಡೆಯುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕ್ರಿಬ್ ನೈಜೀರಿಯಾ ಕಡೆಯ ಮೀನು, ಹೆಣ್ಣಿನ ಹೊಟ್ಟೆ ಚೆರ್ರಿ ಕೆಂಪು, ಮೀನು ಗಟ್ಟಿ, ಆದರೆ ಜೋಡಿಯಾಗಿ ಇಡಲು ಮೂರು ಅಡಿಗಿಂತ ಕಡಿಮೆ ಟ್ಯಾಂಕ್ ಸಾಲದು. ಕೀಹೋಲ್ ಸಿಕ್ಲಿಡ್ ಈ ಬಳಗದ ಅತಿ ಸಾಧು, ಹೆದರಿದರೆ ಎಲೆಯ ಮರೆಗೆ ಹೋಗಿ ಕಂದಿಹೋಗುತ್ತದೆ, ಆದರೆ ಬಣ್ಣ ಕೇಳಬೇಡಿ. ಎಲೆಕ್ಟ್ರಿಕ್ ಬ್ಲೂ ಅಕಾರಾ ನಾಲ್ಕು ಅಡಿ ಟ್ಯಾಂಕ್ ಇದ್ದವರಿಗೆ ಒಳ್ಳೆಯದು, ಗಿಡ ತಿನ್ನುವುದಿಲ್ಲ, ಬಾಯಿಗೆ ಹಿಡಿಸುವ ಸಣ್ಣ ಟೆಟ್ರಾ ಸಿಕ್ಕಿದರೆ ಬಿಡುವುದೂ ಇಲ್ಲ. ಏಂಜೆಲ್ ಕೂಡ ಹಾಗೇ, ನಾಣ್ಯದಷ್ಟಿದ್ದಾಗ ನಿಯಾನ್ ಟೆಟ್ರಾಗಳ ಗೆಳೆಯ, ಅಂಗೈಯಷ್ಟಾದಾಗ ಅವು ಊಟ. ಅದಕ್ಕೆ ಒಂದೂವರೆ ಅಡಿ ಎತ್ತರದ ನೀರೂ ಬೇಕು. ಡಿಸ್ಕಸ್ ಅನ್ನು ನಾನು ಸಾಕಿಲ್ಲ. ಜೇಬು ಮತ್ತು ಧೈರ್ಯ ಎರಡೂ ಸಾಲಲಿಲ್ಲ.

ಈಗ ನಮ್ಮೂರಿನ ಮೂರು. ಕರಿಮೀನ್ ಹಿನ್ನೀರಿನ ದೊಡ್ಡ ಮೀನು, ಗಿಡ ಮೇಯುತ್ತದೆ, ಟ್ಯಾಂಕಿಗಿಂತ ತವೆಗೆ ಸರಿ. ಆರೆಂಜ್ ಕ್ರೊಮೈಡ್ ಎಂಟು ಸೆಂಟಿಮೀಟರಿನ ಕಿತ್ತಳೆ ಮೀನು, ಅಳಿವೆಗಳಲ್ಲಿ ಕರಿಮೀನಿನ ಜೊತೆಗೇ ಬದುಕುತ್ತದೆ, ಅದರ ಮೈಯಿಂದ ಹುಳು ಹೆಕ್ಕಿ ಶುಚಿ ಮಾಡುವುದನ್ನೂ ಕಂಡವರಿದ್ದಾರೆ. ಮರಿಗಳು ತಂದೆ ತಾಯಿಯ ಮೈಯ ಲೋಳೆಯನ್ನು ನೆಕ್ಕಿ ಬೆಳೆಯುತ್ತವೆ. ಸ್ವಭಾವ ಚೆನ್ನ. ಆದರೆ ಇದಕ್ಕೆ ಸ್ವಲ್ಪ ಉಪ್ಪು ಬೆರೆತ, ಗಡಸು ನೀರು ಹಿತ. ನಮ್ಮ ಮೆದು ಬಾವಿ ನೀರಿನ ಗಿಡದ ಟ್ಯಾಂಕಿನಲ್ಲಿ ನಿಧಾನವಾಗಿ ಸೊರಗುತ್ತದೆ. ಊರಿನ ಮೀನಿಗೆ ಊರಿನ ನೀರು ಆಗುವುದಿಲ್ಲ, ಅಮೆಜಾನಿನದಕ್ಕೆ ಆಗುತ್ತದೆ! ಮೂರನೆಯದು ಕೆನರಾ ಕರಿಮೀನು. 1877ರಲ್ಲಿ ಫ್ರಾನ್ಸಿಸ್ ಡೇ ಇದಕ್ಕೆ ದಕ್ಷಿಣ ಕನ್ನಡದ ಹಳೆಯ ಹೆಸರಿನಿಂದ ಕೆನರೆನ್ಸಿಸ್ ಎಂದು ಹೆಸರಿಟ್ಟ. ನೇತ್ರಾವತಿ, ಕುಮಾರಧಾರಾ ಸೀಮೆಯ ಸಿಹಿನೀರಿನದು, ಪಟ್ಟೆಗಳ ಮೇಲೆ ಮುತ್ತಿನ ಚುಕ್ಕಿ, ಅಂಗೈ ಅಗಲ. ನೀರು ಹೊಂದುತ್ತದೆ, ಚೆಂದವೂ ಇದೆ. ಆದರೆ ಅಳಿವಿನ ಅಂಚಿನ ಜಾತಿಗಳ ಪಟ್ಟಿಯಲ್ಲಿದೆ. ಯಾರಾದರೂ ಹೊಳೆಯಿಂದ ಹಿಡಿದು ತಂದು ಮಾರಿದರೆ ಕೊಳ್ಳಬೇಡಿ. ಅದು ಹೊಳೆಯಲ್ಲೇ ಇರಲಿ.

ಮೀನು ಆರಿಸಿದ ಮೇಲೆ ಅರ್ಧ ಕೆಲಸ ಗಿಡದ್ದು. ಸಿಕ್ಲಿಡ್ ಅಟ್ಟುವುದು ಕಣ್ಣಿಗೆ ಕಾಣುವುದನ್ನು. ಟ್ಯಾಂಕಿನ ಈ ತುದಿಯಿಂದ ಆ ತುದಿ ಕಾಣುತ್ತಿದ್ದರೆ ಇಡೀ ಟ್ಯಾಂಕ್ ಅದರದ್ದೇ. ನಡುವೆ ಒಂದು ಪೊದೆ ಬಂದರೆ ಗಡಿ ಅಲ್ಲಿಗೆ ನಿಲ್ಲುತ್ತದೆ. ಗಿಡ ಅಲಂಕಾರವೂ ಹೌದು, ಕಾಂಪೌಂಡ್ ಗೋಡೆಯೂ ಹೌದು. ಹಾಗಾಗಿ ಎತ್ತರದ ಗಿಡಗಳನ್ನೆಲ್ಲ ಹಿಂದಿನ ಗಾಜಿಗೆ ಸಾಲಾಗಿ ನೆಡಬೇಡಿ. ಒಂದೆರಡು ಗುಂಪನ್ನು ನಡುವಿನಿಂದ ಮುಂದಕ್ಕೆ ತನ್ನಿ. ನಮ್ಮ ಸೆಕೆ ತಾಳುವ ಗಿಡಗಳು ಬೇಕು: ಅನುಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾ, ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರೈನ್. ಕ್ರಿಪ್ಟೊಕೊರೈನ್‌ಗಳ ಕೆಲವು ಜಾತಿ ನಮ್ಮ ಘಟ್ಟದ ಹೊಳೆಗಳಲ್ಲೇ ಬೆಳೆಯುತ್ತವೆ.

ಮುಂದಿನ ಭಾಗಕ್ಕೆ ನುಣ್ಣನೆಯ ಹೊಯ್ಗೆ ಹಾಕಿ, ಒಂದು ಇಂಚು ಸಾಕು. ಇವೆಲ್ಲ ನೆಲ ಸೋಸುವ ಮೀನುಗಳು, ಚೂಪು ಜಲ್ಲಿಯಲ್ಲಿ ಬಾಯಿ ಗಾಯವಾಗುತ್ತದೆ. ಗುಹೆಗೆ ದುಡ್ಡು ಕೊಡಬೇಡಿ. ತೆಂಗಿನಕಾಯಿ ಗೆರಟೆ ಇದೆಯಲ್ಲ! ನಾರೆಲ್ಲ ಕೆರೆದು, ನೀರು ಬದಲಿಸುತ್ತ ಮೂರು ನಾಲ್ಕು ಸಲ ಕುದಿಸಿ, ಅಂಚಿನಲ್ಲಿ ಹೆಬ್ಬೆರಳು ಹೋಗುವಷ್ಟು ಬಾಗಿಲು ಮಾಡಿ ಕವುಚಿ ಹಾಕಿ. ಬಾಗಿಲು ಸಣ್ಣದಿದ್ದಷ್ಟೂ ಹೆಣ್ಣಿಗೆ ಧೈರ್ಯ. ಹೆಣ್ಣುಗಳ ಸಂಖ್ಯೆಗಿಂತ ಒಂದು ಗೆರಟೆ ಹೆಚ್ಚಿರಲಿ, ಬಾಗಿಲುಗಳು ಬೇರೆ ಬೇರೆ ದಿಕ್ಕಿಗೆ ಇರಲಿ. ರಸ್ತೆ ಬದಿಯ ಕಾಡು ಬಾದಾಮಿಯ ಒಣಗಿ ಬಿದ್ದ ಎಲೆ ಎರಡು ತೊಳೆದು ಹಾಕಿದರೆ ನೀರು ತೆಳು ಚಹಾದ ಬಣ್ಣಕ್ಕೆ ಬರುತ್ತದೆ. ಅವುಗಳ ಊರಿನ ಕೆಲವು ಹೊಳೆಗಳ ನೀರೂ ಹಾಗೇ ಇರುವುದು.

ಜೊತೆಗೆ ಬಿಡುವ ಮೀನುಗಳು ಮೇಲಿನ ಅಂತಸ್ತಿನವು ಆಗಿರಬೇಕು. ನೆಲ ಸಿಕ್ಲಿಡ್‌ನದ್ದು. ಎಂಬರ್ ಟೆಟ್ರಾ, ರಮ್ಮಿನೋಸ್, ಕಾರ್ಡಿನಲ್ ಚೆನ್ನಾಗಿ ಹೊಂದುತ್ತವೆ. ನಿಯಾನ್‌ಗೆ ತಂಪು ಬೇಕು, ರ‍್ಯಾಮಿಗೆ ಸೆಕೆ ಬೇಕು, ಅವೆರಡರ ಜಾತಕ ಕೂಡುವುದಿಲ್ಲ. ಕಾರ್ಡಿನಲ್ ಬಣ್ಣವೂ ಅದೇ, ಬಿಸಿಯನ್ನೂ ತಾಳುತ್ತದೆ. ಈ ಸಣ್ಣ ಗುಂಪಿನಿಂದ ಇನ್ನೊಂದು ಲಾಭವಿದೆ. ಮೇಲೆ ಟೆಟ್ರಾಗಳು ನಿರಾಳವಾಗಿ ಓಡಾಡುತ್ತಿದ್ದರೆ ಅಪಾಯವೇನಿಲ್ಲ ಎಂದು ತಿಳಿದು ನಾಚಿಕೆಯ ಸಿಕ್ಲಿಡ್ ಹೊರಗೆ ಬರುತ್ತದೆ. ಟೈಗರ್ ಬಾರ್ಬ್ ಬೇಡ, ಜುಟ್ಟು, ಬಾಲ ಎಲ್ಲ ಕಚ್ಚಿ ಹರಿಯುತ್ತದೆ. ಕೊರಿಡೋರಸ್ ಸಾಧು ಮೀನು, ಆದರೆ ಗಡಿ ಎಂದರೇನು ಎಂದು ಅದಕ್ಕೆ ಅರ್ಥವೇ ಆಗುವುದಿಲ್ಲ. ಹೊಡೆತ ತಿಂದು ತಿಂದು ಮತ್ತೆ ಅಲ್ಲಿಗೇ ಹೋಗುತ್ತದೆ. ಚೆರ್ರಿ ಸಿಗಡಿಯ ಮರಿಗಳು ಉಳಿಯುವುದಿಲ್ಲ.

ಅಂಗಡಿಯಲ್ಲಿ ಮೀನು ಆರಿಸುವಾಗ ಬಣ್ಣಕ್ಕಿಂತ ಮೊದಲು ಹೊಟ್ಟೆ ನೋಡಿ. ಹೊಟ್ಟೆ ಒಳಗೆ ಹೋಗಿದ್ದರೆ, ಬಿಳಿ ದಾರದಂಥ ಮಲ ನೇತಾಡುತ್ತಿದ್ದರೆ ಆ ತೊಟ್ಟಿಯ ಯಾವ ಮೀನೂ ಬೇಡ. ಆಹಾರ ಹಾಕಿಸಿ, ತಿನ್ನುತ್ತದೆಯೇ ನೋಡಿ. ನಮ್ಮ ಅಂಗಡಿಗಳ ಬಣ್ಣದ ಮೀನು ಹೆಚ್ಚಾಗಿ ಹೊರಗಿನಿಂದ, ಚೆನ್ನೈನ ಕೊಳತ್ತೂರಿನಂಥ ಕಡೆಯಿಂದ ಬರುತ್ತದೆ. ನಮಗಿಂತ ಗಡಸು ನೀರಿನಲ್ಲಿ ಹುಟ್ಟಿ ಬೆಳೆದ ಮೀನನ್ನು ಏಕಾಏಕಿ ನಮ್ಮ ಬಾವಿ ನೀರಿಗೆ ಹಾಕಿದರೆ ಮೈಯೊಳಗಿನ ಉಪ್ಪಿನ ಲೆಕ್ಕ ತಪ್ಪುತ್ತದೆ. ಆ ದಿನ ಚೆನ್ನಾಗಿಯೇ ಕಾಣುತ್ತದೆ, ಮೂರನೇ ದಿನ ಸಾಯುತ್ತದೆ. ಬಕೆಟಿನಲ್ಲಿಟ್ಟು ಸಣ್ಣ ಪೈಪಿನಲ್ಲಿ ತೊಟ್ಟು ತೊಟ್ಟಾಗಿ ಒಂದೂವರೆ ಗಂಟೆ ನಿಮ್ಮ ನೀರು ಬಿಡಿ. ನಾನು ಕಳೆದುಕೊಂಡ ಎರಡು ರ‍್ಯಾಮ್‌ಗಳಲ್ಲಿ ಒಂದು ಹೋದದ್ದು ಫಾರ್ಮಿನ ತಪ್ಪಿನಿಂದಲ್ಲ, ನನ್ನ ಅವಸರದಿಂದ.

ಮಳೆಗಾಲದ್ದು ಇನ್ನೊಂದು ತಲೆನೋವು. ಆಟಿ ತಿಂಗಳ ಗಾಳಿ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವ ಹಾಗಿಲ್ಲ. ನೀರು 24, 25 ಡಿಗ್ರಿಗೆ ಇಳಿಯುತ್ತದೆ. ಕಾಕಟೂ ತಾಳುತ್ತದೆ. ರ‍್ಯಾಮ್ ಮಂಕಾಗುತ್ತದೆ, ಮೈಮೇಲೆ ಬಿಳಿ ಚುಕ್ಕಿ ರೋಗ ಬರುವುದೂ ಆಗಲೇ. ರ‍್ಯಾಮ್ ಇದ್ದವರು ಜೂನ್ ಬರುವ ಮೊದಲೇ ಹೀಟರ್ ಹಾಕಿಡಿ. ಯಾವ ಮೀನಿದ್ದರೂ ಬ್ಯಾಟರಿಯಲ್ಲಿ ನಡೆಯುವ ಒಂದು ಏರ್ ಪಂಪ್ ಬೇಕು. ರಾತ್ರಿ ಗಿಡಗಳೂ ಆಮ್ಲಜನಕ ಎಳೆಯುತ್ತವೆ ಎಂಬುದು ತುಂಬ ಜನರಿಗೆ ನೆನಪಿರುವುದಿಲ್ಲ.

ಆ ಕ್ರಿಬ್ ಜೋಡಿಗೆ ನಾನು ಆಗ ನಡುವೆ ಒಂದು ಬಲೆ ಕಟ್ಟಿ ಅರ್ಧ ಟ್ಯಾಂಕ್ ಬಿಟ್ಟುಕೊಟ್ಟೆ. ಮರಿ ದೊಡ್ಡದಾದ ಮೇಲೆ ಸಂಸಾರ ಸಮೇತ ಕುಂದಾಪುರದ ಚಿಕ್ಕಪ್ಪನ ನಾಲ್ಕು ಅಡಿ ಟ್ಯಾಂಕಿಗೆ ಹೋದವು. ಎರಡು ಅಡಿಯಲ್ಲಿ ಈಗ ಒಬ್ಬ ಬ್ರಹ್ಮಚಾರಿ ಕಾಕಟೂ ಇದ್ದಾನೆ. ಹೊಸ ಮೂರು ಅಡಿ ಟ್ಯಾಂಕಿನಲ್ಲಿ ಒಂದು ಗಂಡು, ಮೂರು ಹೆಣ್ಣು, ನಾಲ್ಕು ಗೆರಟೆ. ನಿನ್ನೆ ಎಡಗಡೆಯ ಗೆರಟೆಯವಳು ಹಳದಿಯಾಗಿದ್ದಾಳೆ. ಟೆಟ್ರಾಗಳು ಅವಳ ಬಾಗಿಲಿನಿಂದ ಒಂದು ಗೇಣು ದೂರ ಬಿಟ್ಟು, ಉಳಿದ ಟ್ಯಾಂಕಿಡೀ ತಿರುಗುತ್ತಿವೆ. ಅಮ್ಮ ಬೆಳಗ್ಗೆ ಕಾಫಿ ಹಿಡಿದುಕೊಂಡು ಬಂದು ನೋಡಿ, "ಈ ಸಲ ಕೋಣೆ ಬೇರೆ ಕೊಟ್ಟಿದ್ದಿ ಅಲ್ವಾ" ಅಂದರು.